ಕೂಳೆ ಹೊಲದಲ್ಲಿ ಕಾಗೆಗೆ ಮರಸು

ಮಲೆನಾಡಿನ ಹಳಬರಿಗೆ ಮರಸು ಕೂರುವುದು, ಅಂದರೆ ಬೇಟೆಗೆ ಅಡಗಿ ಕೂತು ಕಾಯುವುದು, ಗೊತ್ತು. ಅಮೆರಿಕದವರ ‘ಬ್ಲೈಂಡ್’ ಕೂಡ ಅದೇ. ನಮ್ಮಲ್ಲಿ ರಾತ್ರಿ ಮರದ ಮೇಲೆ ಕೂರುತ್ತಿದ್ದರು. ಇಲ್ಲಿ ಹಾಡುಹಗಲಲ್ಲಿ, ಬಟಾಬಯಲಲ್ಲಿ, ಮಹಾ ಸಂಶಯದ ಹಕ್ಕಿಯೊಂದಕ್ಕೆ ಕಾಯಬೇಕು. ಇಲಿನಾಯ್–ಇಂಡಿಯಾನಾ ಗಡಿಯ ಮುಸುಕಿನ ಜೋಳ, ಸೋಯಾ ಹೊಲಗಳಲ್ಲಿ ನಾನು ಅನುಸರಿಸುವ ಕ್ರಮ ಇದು. ಡ್ಯಾನ್‌ವಿಲ್, ಟೆರ ಹೋಟ್‌ನಂಥ ಊರುಗಳ ಮರಗಳಲ್ಲಿ ಚಳಿಗಾಲದ ರಾತ್ರಿ ಸಾವಿರಾರು ಕಾಗೆ ತಂಗುತ್ತವೆ. ಬೆಳಗಾದರೆ ಸುತ್ತಲ ಹೊಲಗಳಿಗೆ ಚದುರುತ್ತವೆ.

ಮೊದಲು ಕಾನೂನು. ಊರಿಗೆ ಬಂದಾಗ ಇದನ್ನು ಮಾಡಲು ಹೋಗಬೇಡಿ. ನಮ್ಮ 1972ರ ವನ್ಯಜೀವಿ ಕಾಯ್ದೆಯಲ್ಲಿ ಕಾಗೆ ಬಹುಕಾಲ ಇಲಿ, ಹೆಗ್ಗಣಗಳ ಜೊತೆ ಐದನೇ ಅನುಸೂಚಿಯಲ್ಲಿ, ಅಂದರೆ ಕೊಲ್ಲಲು ಅಡ್ಡಿಯಿಲ್ಲದ ಪೀಡೆ ಪ್ರಾಣಿಗಳ ಪಟ್ಟಿಯಲ್ಲಿತ್ತು. 2022ರ ತಿದ್ದುಪಡಿ ಆ ಪಟ್ಟಿಯನ್ನೇ ತೆಗೆದುಹಾಕಿತು, ಹಾಗಾಗಿ ಆ ಸಡಿಲ ಈಗಿಲ್ಲ. ಅಮೆರಿಕದಲ್ಲೂ ಕಾಗೆ ಹೇಳಕೇಳುವವರಿಲ್ಲದ ಹಕ್ಕಿಯಲ್ಲ. ಅದೇ 1972ರಲ್ಲಿ ಮೆಕ್ಸಿಕೊ ಜೊತೆಗಿನ ವಲಸೆಹಕ್ಕಿ ಒಪ್ಪಂದಕ್ಕೆ ಅದನ್ನೂ ಸೇರಿಸಿದರು. ಹಾಗಾಗಿ ಯಾವ ರಾಜ್ಯವೂ ವರ್ಷಕ್ಕೆ 124 ದಿನಕ್ಕಿಂತ ಹೆಚ್ಚು ಬೇಟೆಗೆ ಬಿಡುವಂತಿಲ್ಲ. ಗೂಡು ಕಟ್ಟುವ ಮುಖ್ಯ ಕಾಲದಲ್ಲಂತೂ ಬಿಡುವಂತೆಯೇ ಇಲ್ಲ. ದಿನ, ಹೊತ್ತು ಯಾವುದೆಂದು ಆಯಾ ರಾಜ್ಯದ ಬೇಟೆ ಕೈಪಿಡಿಯಲ್ಲಿ ಪ್ರತಿ ವರ್ಷ ನೋಡಿಕೊಳ್ಳಬೇಕು.

ನಮ್ಮವರು ಎಡವುವ ಜಾಗ ಇನ್ನೊಂದಿದೆ. ಎಚ್1ಬಿ ಥರದ ತಾತ್ಕಾಲಿಕ ವೀಸಾದವರು ಕೋವಿ ಇಟ್ಟುಕೊಳ್ಳುವುದನ್ನು ಫೆಡರಲ್ ಕಾನೂನು ತಡೆಯುತ್ತದೆ. ಚಾಲ್ತಿಯಲ್ಲಿರುವ ಬೇಟೆ ಲೈಸೆನ್ಸ್ ಇದ್ದವರಿಗೆ ವಿನಾಯಿತಿ ಇದೆ. ಸ್ನೇಹಿತನ ಕೋವಿ ತಾನೇ ಎಂದು ಲೈಸೆನ್ಸ್ ಇಲ್ಲದೆ ಮುಟ್ಟಬೇಡಿ. ಇಲಿನಾಯ್ ನಿವಾಸಿಗಳಿಗೆ ಇದರ ಮೇಲೆ ರಾಜ್ಯದ ಕೋವಿ ಗುರುತುಚೀಟಿಯೂ ಬೇಕು. ಹೊಲದ ಯಜಮಾನರ ಒಪ್ಪಿಗೆಯನ್ನು ನಾನು ಬರೆಸಿಯೇ ಇಟ್ಟುಕೊಳ್ಳುತ್ತೇನೆ. ಹೈನುಗಾರರು ಬೇಗ ಒಪ್ಪುತ್ತಾರೆ, ಏಕೆಂದರೆ ಹಸಿಮೇವನ್ನು ಗಾಳಿಯಾಡದಂತೆ ಕಟ್ಟಿಟ್ಟ ಸೈಲೇಜ್ ಚೀಲಗಳನ್ನು ಕಾಗೆ ಕುಕ್ಕಿ ತೂತು ಮಾಡುತ್ತದೆ. ಗಾಳಿ ಒಳಹೊಕ್ಕರೆ ಮೇವು ಬೂಷ್ಟು ಹಿಡಿಯುತ್ತದೆ.

ಇನ್ನು ಜಾಗ. ಕಾಗೆಗಳು ತಂಗುವ ಮರದ ಹತ್ತಿರ ಕೂರುವುದಿಲ್ಲ. ಅಲ್ಲಿ ಒಮ್ಮೆ ಈಡು ಕೇಳಿದರೆ ಇಡೀ ಹಿಂಡು ಜಾಗ ಬದಲಿಸಿ, ಸೀಸನ್ನೇ ಹೋಗುತ್ತದೆ. ಮೇಯುವ ಹೊಲದ ಮಧ್ಯವೂ ಬೇಡ. ಎರಡರ ನಡುವೆ ಅವಕ್ಕೊಂದು ದಾರಿಯಿರುತ್ತದೆ. ಹೊಳೆಯ ಗುಂಟ, ಮರಸಾಲಿನ ಗುಂಟ ದಿನವೂ ಹೆಚ್ಚುಕಡಿಮೆ ಅದೇ ಗೆರೆಯಲ್ಲಿ ಹೋಗುತ್ತವೆ. ಹಿಂದಿನ ಎರಡು ಸಂಜೆ ಕಾರಲ್ಲಿ ಕೂತು ದುರ್ಬೀನಿನಲ್ಲಿ ಈ ಗೆರೆಯನ್ನು ನೋಡಿ ನಕ್ಷೆಯಲ್ಲಿ ಗುರುತು ಹಾಕಿಕೊಳ್ಳುತ್ತೇನೆ. ಗೆರೆಯಿಂದ ಇನ್ನೂರು ಗಜ ಆಚೆ ಕೂತರೂ ಕೂಗಿ ಎಳೆಯಬಹುದು. ಅರ್ಧ ಮೈಲಿ ಆಚೆ ಕೂತರೆ ಎಷ್ಟು ಕೂಗಿದರೂ ಅವು ತಮ್ಮ ಪಾಡಿಗೆ ಹೋಗುತ್ತವೆ. ನನ್ನ ಲೆಕ್ಕದಲ್ಲಿ ಬೇಟೆಯ ಮುಕ್ಕಾಲು ಪಾಲು ಈ ಎರಡು ಸಂಜೆಗಳಲ್ಲೇ ಮುಗಿದಿರುತ್ತದೆ. ಬಂದೂಕಿಗೆ ಸುರಿಯುವ ಹಣದಲ್ಲಿ ಸ್ವಲ್ಪ ಪೆಟ್ರೋಲಿಗೆ ಸುರಿದರೆ ಒಳ್ಳೆಯದು.

ಅಂಗಡಿಯಲ್ಲಿ ಸಿಗುವ, ಬಿಚ್ಚಿದರೆ ಪಟ್ಟನೆ ನಿಲ್ಲುವ ಗುಡಾರ ಕಾಗೆಗೆ ಸರಿಹೋಗುವುದಿಲ್ಲ. ಅದಕ್ಕೆ ಚಾವಣಿಯಿದೆ, ಕಾಗೆ ಬರುವುದು ನೆತ್ತಿಯ ಮೇಲೆ. ಕಿಟಕಿಯಿಂದ ಹೊಡೆದರೆ ಸದ್ದು ಒಳಗೇ ತಿರುಗಿ ಕಿವಿ ಹೋಗುತ್ತದೆ. ಗಾಳಿಗೆ ಬಟ್ಟೆ ಪಟಪಟ ಎನ್ನುತ್ತದೆ. ನನ್ನದು ಇಷ್ಟೆ: ದನದ ಕರೆಂಟು ಬೇಲಿಗೆ ಬಳಸುವ, ಕಾಲಲ್ಲಿ ತುಳಿದು ನೆಡುವ ನಾಲ್ಕು ಅಡಿಯ ಐದು ಗೂಟ, ಹನ್ನೆರಡು ಅಡಿ ಉದ್ದ, ನಾಲ್ಕೂವರೆ ಅಡಿ ಅಗಲದ ಬಲೆ, ಒಂದು ಉಂಡೆ ಹುರಿ, ಗಿಡ್ಡ ಸ್ಟೂಲು. ಜನವರಿಯಲ್ಲಿ ನೆಲ ಹೆಪ್ಪುಗಟ್ಟಿದಾಗ ಪ್ಲಾಸ್ಟಿಕ್ ಗೂಟ ಬುಡದಲ್ಲೇ ಮುರಿಯುತ್ತದೆ. ಆಗ 10 ಎಂಎಂ ಕಬ್ಬಿಣದ ಕಂಬಿ, ಸುತ್ತಿಗೆ. ಗೂಟಗಳನ್ನು ಕುದುರೆ ಲಾಳದ ಆಕಾರಕ್ಕೆ ನೆಟ್ಟು ಬಲೆ ಸುತ್ತಿ, ಕೆಳಗಿನ ಅರ್ಧ ಅಡಿಯನ್ನು ನೆಲದ ಮೇಲೆ ಮಡಿಸಿ ಮಣ್ಣುಹೆಂಟೆ ಇಡುತ್ತೇನೆ. ಸ್ಟೂಲಿನಲ್ಲಿ ಕೂತಾಗ ಕಣ್ಣು ಬಲೆಯ ಅಂಚಿಗಿಂತ ಎರಡು ಬೆರಳು ಕೆಳಗಿರಬೇಕು.

ಬಲೆಯ ಬಣ್ಣ ಹೊಲದ ಬಣ್ಣವೇ ಆಗಬೇಕು. ಚಳಿಗಾಲದ ಕೂಳೆ ಒಣಹುಲ್ಲಿನ ಬಣ್ಣದ್ದು, ಅಲ್ಲಿ ಹಸಿರು ಬಲೆ ಮೈಲಿ ದೂರಕ್ಕೆ ಕಾಣುತ್ತದೆ. ಹಿಮ ಬಿದ್ದರೆ ಹಳೆಯ ಬಿಳಿ ಬೆಡ್‌ಶೀಟು ಸಾಕು. ಅಲ್ಲೇ ಬಿದ್ದಿರುವ ಜೋಳದ ದಂಟು ಮೂವತ್ತು ನಲವತ್ತು ತಂದು ಬಲೆಗೆ ಓರೆಕೋರೆಯಾಗಿ ಸಿಕ್ಕಿಸುತ್ತೇನೆ. ನೆಟ್ಟಗೆ ಸಿಕ್ಕಿಸಿದರೆ ಬೇಲಿಯ ಹಾಗೆ ಕಾಣುತ್ತದೆ. ಎಲ್ಲರೂ ಮುಂದುಗಡೆ ಮುಚ್ಚುತ್ತಾರೆ, ಬೆನ್ನ ಹಿಂದೆ ಬಿಟ್ಟುಬಿಡುತ್ತಾರೆ. ಹಿಂದೆ ಬಯಲಿದ್ದರೆ ತಲೆಯ ಆಕಾರ ಆಕಾಶಕ್ಕೆ ಕಪ್ಪಗೆ ಎದ್ದು ಕಾಣುತ್ತದೆ. ಪೊದೆಯೋ ಮರಸಾಲೋ ಹಿಂದಿರಬೇಕು, ಅದರ ನೆರಳು ನಮ್ಮ ಮೇಲೆ ಬೀಳಬೇಕು. ಸೂರ್ಯ ಬೆನ್ನಿಗಿದ್ದರೆ ಕಾಗೆಯ ಕಣ್ಣಿಗೆ ಬಿಸಿಲು, ನಮ್ಮ ಮುಖಕ್ಕೆ ನೆರಳು. ಗಾಳಿ ಅಡ್ಡ ಬೀಸುವುದು ಒಳ್ಳೆಯದು. ಹಕ್ಕಿ ಗಾಳಿಗೆ ಮುಖಕೊಟ್ಟು ಇಳಿಯುತ್ತದೆ. ಗಾಳಿ ನೇರ ನಮ್ಮ ಬೆನ್ನಿಂದ ಬಂದರೆ ಅದು ಇಳಿಯುವಷ್ಟು ಹೊತ್ತೂ ನಮ್ಮನ್ನೇ ನೋಡುತ್ತಿರುತ್ತದೆ.

ಬೊಂಬೆ ಕಾಗೆಗಳು ಹದಿನೈದು ಸಾಕು. ಹನ್ನೆರಡನ್ನು ಬಲೆಯಿಂದ ಹದಿನೈದರಿಂದ ಇಪ್ಪತ್ತೈದು ಗಜದೊಳಗೆ, ನಾಲ್ಕೈದು ಅಡಿ ಅಂತರದಲ್ಲಿ ಚೆಲ್ಲಾಪಿಲ್ಲಿ ಇಡುತ್ತೇನೆ. ಎರಡನ್ನು ಉದ್ದ ಕೋಲಿನಿಂದ ಬೋಳುಮರದ ತುದಿಗೆ ಏರಿಸುತ್ತೇನೆ. ಮೇಯುವ ಗುಂಪಿಗೆ ಕಾವಲು ಕಾಗೆ ಇದ್ದೇ ಇರುತ್ತದೆ. ಅದು ಕಾಣದಿದ್ದರೆ ಬಂದವಕ್ಕೆ ಅನುಮಾನ. ಉಳಿದದ್ದು ಮೂವತ್ತು ಹೆಜ್ಜೆ ಆಚೆ, ಒಂಟಿಯಾಗಿ. ಅದು ನನ್ನ ಗಡಿಕಲ್ಲು, ಅದರಾಚೆ ಹೊಡೆಯುವುದಿಲ್ಲ.

ಬೆಳಗಿನ ಜಾವ ಬೊಂಬೆಗಳ ಬೆನ್ನ ಮೇಲೆ ಇಬ್ಬನಿ ಹೆಪ್ಪುಗಟ್ಟಿ, ಬಿಸಿಲು ಬಿದ್ದ ಕೂಡಲೇ ಬೆಳ್ಳಿ ಪಾತ್ರೆಯ ಹಾಗೆ ಹೊಳೆಯುತ್ತದೆ. ಬಂದ ಕಾಗೆ ಅರವತ್ತು ಗಜದಲ್ಲಿ ಒಂದು ಬಡಿತ ರೆಕ್ಕೆ ನಿಲ್ಲಿಸಿ, ಕತ್ತು ಓರೆ ಮಾಡಿ, ಸದ್ದಿಲ್ಲದೆ ಪಕ್ಕಕ್ಕೆ ಜಾರುತ್ತದೆ. ಕಾರಣ ಬಹಳ ಸಲ ಈ ಹೊಳಪೇ. ಸೂರ್ಯ ಹುಟ್ಟಿದ ಮೇಲೆ ಒರಟು ಬಟ್ಟೆಯಲ್ಲಿ ಒಮ್ಮೆ ಎಲ್ಲವನ್ನೂ ಒರೆಸಿ ಬರುತ್ತೇನೆ. ಕನ್ನಡಕ, ಕೈಗಡಿಯಾರ, ಮೊಬೈಲ್, ಕೆಳಗೆ ಬಿದ್ದ ತೋಟಾದ ಹಿತ್ತಾಳೆ ಬುಡ ಎಲ್ಲಕ್ಕೂ ಇದೇ ಮಾತು. ಮುಖಕ್ಕೆ ಮುಸುಕು, ಕೈಗೆ ಗ್ಲೌಸು ಇರಲೇಬೇಕು. ಕಾರು ಕಾಣದ ಕಡೆ, ಕಾಲು ಮೈಲಿ ದೂರದಲ್ಲಿ.

ಕೂಗಿಗೆ ಬ್ಯಾಟರಿ ಕಾಲರ್ (ರೆಕಾರ್ಡ್ ಮಾಡಿದ ಕೂಗು ಹಾಕುವ ಸ್ಪೀಕರ್) ಇದೆ, ಊದುವ ಪೀಪಿಯೂ ಇದೆ. ಕಾಲರನ್ನು ಬೊಂಬೆಗಳ ನಡುವೆ, ಬಾಯಿ ಆಕಾಶಕ್ಕೆ ಮಾಡಿ ಇಡುತ್ತೇನೆ. ಕಾಗೆ ಸದ್ದಿನ ಮೂಲವನ್ನೇ ದಿಟ್ಟಿಸುತ್ತದೆ, ಅದು ನಾನಾಗಬಾರದು. ಗೂಬೆಯ ಜೊತೆ ಜಗಳದ ಕೂಗು ಎಲ್ಲಕ್ಕಿಂತ ಬೇಗ ಎಳೆಯುತ್ತದೆ. ಆರಡಿ ಕೋಲಿನ ಮೇಲೆ ಗೂಬೆ ಬೊಂಬೆ ಇಟ್ಟರಂತೂ ಮೈಮರೆತು ಬರುತ್ತವೆ. ಆದರೆ ಒಂದು ಗುಂಪಿನ ಮೇಲೆ ಈ ಆಟ ಒಂದೇ ಸಲ ನಡೆಯುವುದು. ಗೂಬೆ ಕಂಡು ಗಿಡುಗವೂ ಎರಗಬಹುದು. ಕಪ್ಪಗೆ ಕಾಣದ ಯಾವುದಕ್ಕೂ ನಳಿಗೆ ಎತ್ತಬೇಡಿ, ಗಿಡುಗ ಹೊಡೆದರೆ ಫೆಡರಲ್ ಕೇಸು. ಹಿಂಡು ತಿರುಗಿತೆಂದರೆ ಸದ್ದು ಅರ್ಧಕ್ಕೆ ಇಳಿಸಬೇಕು. ಹೊಸಬರು ಆಗಲೇ ಏರಿಸುತ್ತಾರೆ. ಇಪ್ಪತ್ತು ನಿಮಿಷ ಏನೂ ಬರದಿದ್ದರೆ ಗೂಟ ಕೀಳುತ್ತೇನೆ.

ಕೋವಿ 12 ಬೋರ್, ಇಂಪ್ರೂವ್ಡ್ ಸಿಲಿಂಡರ್ ಚೋಕ್ (ಚರೆ ಅಗಲಕ್ಕೆ ಹರಡಲು ಬಿಡುವ ನಳಿಗೆಯ ತುದಿ), ತೋಟಾ ಎರಡೂಮುಕ್ಕಾಲು ಇಂಚಿನದು, ಏಳೂವರೆ ನಂಬರಿನ ಚರೆ. ಕಾಗೆ ಅರ್ಧ ಕಿಲೋ ಆಸುಪಾಸಿನ ಹಕ್ಕಿ, ಇಪ್ಪತ್ತರಿಂದ ಮೂವತ್ತು ಗಜಕ್ಕೆ ಇದು ಧಾರಾಳ. ಐವತ್ತು ಗಜದಲ್ಲಿ ಕಾಗೆ ಹೊಡೆದೆ ಎನ್ನುವವರು ಹೆಚ್ಚಾಗಿ ಕಾಗೆ ಹಾರಿಸುತ್ತಿರುತ್ತಾರೆ. ಇಬ್ಬರಿದ್ದರೆ ಎಡ ಒಬ್ಬರಿಗೆ, ಬಲ ಒಬ್ಬರಿಗೆ. ನಡುಗೆರೆಗೆ ಒಂದು ಕೋಲು ನೆಟ್ಟು ಅದನ್ನು ದಾಟಿ ನಳಿಗೆ ತಿರುಗಿಸುವಂತಿಲ್ಲ. ಒಬ್ಬರು ಕೂತಿರುವಾಗ ಇನ್ನೊಬ್ಬರು ಎದ್ದು ಹೊಡೆಯುವಂತಿಲ್ಲ.

ಬಿದ್ದ ಹಕ್ಕಿಯನ್ನು ಬಿಡುವು ಸಿಕ್ಕಾಗಲೆಲ್ಲ ಎತ್ತುತ್ತೇನೆ. ಅಂಗಾತ ಬಿದ್ದ ಕಾಗೆ ಮುಂದಿನ ಹಿಂಡಿಗೆ ಎಚ್ಚರಿಕೆ. ಗಾಯಗೊಂಡದ್ದನ್ನು ಹುಡುಕಿ ಮುಗಿಸದೆ ಮುಂದಿನ ಈಡಿಲ್ಲ. ಬರಿಗೈಯಲ್ಲಿ ಮುಟ್ಟುವುದಿಲ್ಲ. 1999ರಲ್ಲಿ ನ್ಯೂಯಾರ್ಕಿಗೆ ಬಂದ ವೆಸ್ಟ್ ನೈಲ್ ವೈರಸ್ ಅತಿ ಹೆಚ್ಚು ಕೊಂದದ್ದು ಈ ಜಾತಿಯನ್ನೇ, ಈಗ ಹಕ್ಕಿಜ್ವರವೂ ಸೇರಿದೆ. ರಬ್ಬರ್ ಗ್ಲೌಸು, ದಪ್ಪ ಚೀಲ, ಮನೆಗೆ ಬಂದ ಮೇಲೆ ಸೋಪು. ಕೊನೆಗೆ ಖಾಲಿ ತೋಟಾಗಳನ್ನು ಎಣಿಸಿ ಆರಿಸುತ್ತೇನೆ: ಎಷ್ಟು ಹೊಡೆದೆನೋ ಅಷ್ಟೂ ಜೇಬಿಗೆ ಬರಬೇಕು. ಬಲೆಗೆ ಸಿಕ್ಕಿಸಿದ ದಂಟು ಅಲ್ಲೇ ಚೆಲ್ಲಿ, ಗೂಟದ ತೂತುಗಳನ್ನು ಕಾಲಲ್ಲಿ ಮುಚ್ಚಿ ಹೊರಟರೆ, ಆ ಹೊಲಕ್ಕೆ ಮತ್ತೆ ಎರಡು ವಾರ ಕಾಲಿಡುವುದಿಲ್ಲ.