ಟೈಮ್‌ಟೇಬಲ್ ಕೊನೆಗೂ ಕೂತಿತು

ಪಿಯು ಕಾಲೇಜಿನ ಟೈಮ್‌ಟೇಬಲ್ ಕಂಪ್ಯೂಟರ್ ಕೈಲಿ ಆಗಲ್ಲ ಅಂತ ನಮ್ಮಲ್ಲಿ ಎಲ್ಲರೂ ಹೇಳಿದ್ದರು. ಈಗ ಎರಡು ವರ್ಷದಿಂದ ನನ್ನ ಪ್ರೋಗ್ರಾಂ ಕೊಟ್ಟ ಟೈಮ್‌ಟೇಬಲ್‌ನಲ್ಲೇ ಕಾಲೇಜು ನಡೆಯುತ್ತಿದೆ.

ಸೆಕ್ಷನ್ 14-15, ಉಪನ್ಯಾಸಕರು 30ರ ಮೇಲೆ. ನಿಜವಾದ ತೊಡಕು ಭಾಷೆ ಪೀರಿಯಡ್‌ನದು. ಪಿಸಿಎಂಬಿ, ಪಿಸಿಎಂಸಿ ಮಕ್ಕಳು ಕನ್ನಡ, ಹಿಂದಿ, ಸಂಸ್ಕೃತ ಅಂತ ಒಡೆದು ಬೇರೆ ಬೇರೆ ಕೋಣೆಗೆ ಹೋಗುತ್ತಾರೆ. ಒಂದು ಪೀರಿಯಡ್ ಸರಿಸಿದರೆ ಮೂವರು ಉಪನ್ಯಾಸಕರೂ ಜೊತೆಗೇ ಸರಿಯಬೇಕು. ಅದರ ಮೇಲೆ ವಾರಕ್ಕೆ ಮೂರೇ ದಿನ ಬರುವ ಅತಿಥಿ ಉಪನ್ಯಾಸಕರು, ಅರ್ಧ ದಿನದ ಶನಿವಾರ.

ಮೊದಲು ಆಡಳಿತ ಮಂಡಳಿ ಸುಮಾರು 25 ಸಾವಿರ ಕೊಟ್ಟು ಒಂದು ಸಾಫ್ಟ್‌ವೇರ್ ತಂದಿತ್ತು. ಭಾಷೆಯ ಬ್ಲಾಕ್ ಹಾಕಿದ ಕೂಡಲೇ ಅದು ಕೈಚೆಲ್ಲಿತು. ಆದರೂ ವರ್ಷ ವರ್ಷ ರಿನ್ಯೂವಲ್ ಹಣ ಕಟ್ಟಬೇಕಿತ್ತು! ಆಮೇಲೆ ನಾನೇ ಜೆನೆಟಿಕ್ ಅಲ್ಗಾರಿದಮ್ ಬರೆದೆ. ಹಲವು ಟೈಮ್‌ಟೇಬಲ್ ಇಟ್ಟುಕೊಂಡು, ಒಳ್ಳೆಯವನ್ನು ಬೆರೆಸುತ್ತಾ ಇನ್ನೂ ಒಳ್ಳೆಯದನ್ನು ಹುಡುಕುವ ವಿಧಾನ ಅದು. ರಾತ್ರಿಯಿಡೀ ಓಡಿಸಿದರೂ ಬೆಳಗ್ಗೆ ಹತ್ತು ಹನ್ನೆರಡು ಕ್ಲಾಶ್ ಉಳಿದೇ ಇರುತ್ತಿತ್ತು. ಕ್ರಾಸ್‌ಓವರ್, ಅಂದರೆ ಎರಡು ಟೈಮ್‌ಟೇಬಲ್ ಬೆರೆಸಿ ಹೊಸದು ಮಾಡಿದಾಗಲೆಲ್ಲ, ಎರಡು ಲ್ಯಾಬ್ ಒಂದೇ ಜಾಗಕ್ಕೆ ಬಂದು ಬೀಳುತ್ತಿದ್ದವು. ರಿಪೇರಿಯಲ್ಲೇ ಹೊತ್ತು ಹೋಗುತ್ತಿತ್ತು.

ಕೈ ಹಿಡಿದದ್ದು ಸಿಮ್ಯುಲೇಟೆಡ್ ಅನೀಲಿಂಗ್. ಒಂದೇ ಟೈಮ್‌ಟೇಬಲ್ ಹಿಡಿದು ಸ್ವಲ್ಪ ಸ್ವಲ್ಪ ಬದಲಿಸುತ್ತಾ, ಮೊದಮೊದಲು ಕೆಟ್ಟ ಬದಲಾವಣೆಯನ್ನೂ ಒಪ್ಪಿ, ಬರಬರುತ್ತಾ ಅದನ್ನು ಕಡಿಮೆ ಮಾಡುವ ವಿಧಾನ. ಆದರೆ ಸುಮ್ನೆ ಒಂದು ಪೀರಿಯಡ್ ಎತ್ತಿ ಇನ್ನೊಂದು ಕಡೆ ಇಟ್ಟರೆ ಸಾಲದು. ಲ್ಯಾಬ್‌ಗಳನ್ನು ಮೊದಲೇ ಕೂರಿಸಿ ಲಾಕ್ ಮಾಡಿದೆ. ಉಳಿದದ್ದಕ್ಕೆ ಕೆಂಪೆ (Kempe) ಚೈನ್, ಅಂದರೆ ಎರಡು ಪೀರಿಯಡ್‌ಗಳ ನಡುವೆ ಕ್ಲಾಸುಗಳ ಸರಪಳಿ ಅದಲುಬದಲು. ಸೋಮವಾರ ಮೂರನೇ ಪೀರಿಯಡ್‌ನ ಫಿಸಿಕ್ಸ್ ಬುಧವಾರ ಎರಡನೇದಕ್ಕೆ ಹೋದರೆ, ಅಲ್ಲಿ ಅದಕ್ಕೆ ಅಡ್ಡ ಬರುವ ಕ್ಲಾಸು ಸೋಮವಾರಕ್ಕೆ ಬರುತ್ತದೆ. ಅದಕ್ಕೆ ಅಡ್ಡ ಬರುವುದು ಬುಧವಾರಕ್ಕೆ. ಹೀಗೇ ಚೈನ್ ಮುಗಿಯುವವರೆಗೆ. ಒಬ್ಬರಿಗೇ ಎರಡು ಕ್ಲಾಸ್ ಬೀಳುವ ಹೊಸ ಕ್ಲಾಶ್ ಹುಟ್ಟುವುದೇ ಇಲ್ಲ. ಟೆಂಪರೇಚರ್ (ಕೆಟ್ಟ ಬದಲಾವಣೆಯನ್ನು ಎಷ್ಟು ಒಪ್ಪಬೇಕು ಅನ್ನುವ ಅಳತೆ) ಮತ್ತೆ ಯಾವಾಗ ಏರಿಸಬೇಕು ಅನ್ನುವ ಲೆಕ್ಕ ಮಾತ್ರ ನನ್ನ ಹತ್ತಿರವೇ ಇರಲಿ. ತಿಂಗಳುಗಟ್ಟಲೆ ಕೂತು ಹಿಡಿದದ್ದು ಅದು.

ಆಫೀಸಿನ ಹಳೇ ಕಂಪ್ಯೂಟರ್‌ನಲ್ಲಿ, ಪೈಥಾನ್‌ನಲ್ಲಿ, ಹೆಚ್ಚೂಕಮ್ಮಿ 40 ನಿಮಿಷ. ಕ್ಲಾಶ್ ಸೊನ್ನೆ. ಖರ್ಚು ಅಂದರೆ ಒಂದು ಯುಪಿಎಸ್, ಮೂರು ಸಾವಿರ ಚಿಲ್ಲರೆ. ಅತಿಥಿ ಉಪನ್ಯಾಸಕರಿಗೆ ಪೀರಿಯಡ್ ಲೆಕ್ಕದಲ್ಲಿ ಸಂಬಳ. ಮಧ್ಯೆ ಸುಮ್ನೆ ಕೂರುವ ಹೊತ್ತಿಗೆ ದುಡ್ಡಿಲ್ಲ. ಹಾಗಾಗಿ ಪ್ರೋಗ್ರಾಂ ಟೈಮ್‌ಟೇಬಲ್ ಅಳೆಯುವಾಗ ಅವರ ಗ್ಯಾಪ್‌ಗೇ ಜಾಸ್ತಿ ಪೆನಾಲ್ಟಿ ಇಟ್ಟೆ. ಕೈಯಲ್ಲಿ ಹಾಕುತ್ತಿದ್ದಾಗ ಇದನ್ನು ಯಾರೂ ನೋಡುತ್ತಲೇ ಇರಲಿಲ್ಲ.

ಇದೇ ಹುರುಪಿನಲ್ಲಿ ಪ್ರಿಪರೇಟರಿ ಪರೀಕ್ಷೆಗೂ ಕೈ ಹಾಕಿದೆ. ಅಲ್ಲಿ ಡೇನಿಯಲ್ ಬ್ರೆಲಾಝ್ 1979ರಲ್ಲಿ ಕೊಟ್ಟ ಡಿಸ್ಯಾಟರ್ (ಯಾವುದಕ್ಕೆ ಉಳಿದಿರುವ ಜಾಗ ಕಡಿಮೆಯೋ ಅದನ್ನೇ ಮೊದಲು ಕೂರಿಸುವ ವಿಧಾನ) ಸಾಕು, ಏಳೆಂಟು ಸ್ಲಾಟ್‌ನಲ್ಲಿ ಎಲ್ಲ ವಿಷಯ ಮುಗಿಯುತ್ತದೆ. ಕಷ್ಟ ಇರುವುದು ಕೊಠಡಿ ಮೇಲ್ವಿಚಾರಣೆ ಹಂಚುವುದರಲ್ಲಿ. ತಮ್ಮದೇ ವಿಷಯದ ದಿನ ಯಾರಿಗೂ ಡ್ಯೂಟಿ ಬೀಳಬಾರದು ಅಲ್ವಾ? ಅದಕ್ಕೆ ಗುಂಟರ್ ಡ್ಯೂಕ್ ಅವರ ಗ್ರೇಟ್ ಡೆಲ್ಯೂಜ್ (ಒಪ್ಪುವ ಮಿತಿಯನ್ನು ಮೆಲ್ಲಗೆ ಬಿಗಿ ಮಾಡುತ್ತಾ ಹೋಗುವ ವಿಧಾನ) ಹಚ್ಚಿದ್ದೇನೆ. ಸದ್ಯಕ್ಕೆ ಒಬ್ಬರಿಗೂ ಇನ್ನೊಬ್ಬರಿಗೂ ಎರಡು ಡ್ಯೂಟಿಯ ವ್ಯತ್ಯಾಸ ಉಳಿದಿದೆ. ಒಂದಕ್ಕೆ ಇಳಿಸಬೇಕು.