ಎರಡನೇ ವರ್ಷಕ್ಕೆ ಕಾಲೇಜು ಬದಲಿಸುವ ಮುನ್ನ

ವಿಟಿಯು (ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯ) ಇಂಜಿನಿಯರಿಂಗ್ ಮಕ್ಕಳ ಮನೆಯಲ್ಲಿ ಮೊದಲ ವರ್ಷ ಮುಗಿಯುತ್ತಿದ್ದಂತೆ ಇದೇ ಚರ್ಚೆ: ಊರಿನ ಕಾಲೇಜು ಬಿಟ್ಟು ಬೆಂಗಳೂರಿನ ಆರ್‌ವಿ, ಬಿಎಂಎಸ್ ಕಡೆ ಹೋಗೋದಾ? ಆಸೆ ತಪ್ಪಲ್ಲ. ಆದರೆ ಮೊದಲು ಅಲ್ಲಿ ನಿಮ್ಮ ಬ್ರಾಂಚಿನಲ್ಲಿ ಸೀಟು ಖಾಲಿ ಇದೆಯಾ ಅಂತ ಕೇಳಿ. ಇಲ್ಲದಿದ್ದರೆ ಉಳಿದ ಮಾತೆಲ್ಲ ಸುಮ್ನೆ. ಈಗಿನದು, ಹೋಗುವುದು ಎರಡೂ ಕಾಲೇಜಿನ ಎನ್‌ಒಸಿ (ಅಭ್ಯಂತರವಿಲ್ಲ ಎಂಬ ಪತ್ರ) ಬೇಕು, ವಿಶ್ವವಿದ್ಯಾಲಯದ ಒಪ್ಪಿಗೆಯೂ ಬೇಕು.

ಜಾಸ್ತಿ ಜನ ಮರೆಯುವುದು ಸಿಲಬಸ್ ವಿಷಯ. ಆರ್‌ವಿ, ಬಿಎಂಎಸ್ ಎರಡೂ ಸ್ವಾಯತ್ತ ಕಾಲೇಜುಗಳು. ಪಠ್ಯ, ಪರೀಕ್ಷೆ ಎಲ್ಲ ಅವರದ್ದೇ. ನೀವು ಓದಿದ್ದು ಅಲ್ಲಿಗೆ ಹೊಂದದಿದ್ದರೆ 3ನೇ ಸೆಮಿಸ್ಟರಿನ ಜೊತೆಗೆ ಬಿಟ್ಟುಹೋದ ವಿಷಯಗಳನ್ನೂ ಬರೆಯಬೇಕಾಗಬಹುದು. ಎರಡೂ ಸಿಲಬಸ್ ಪಕ್ಕಪಕ್ಕ ಇಟ್ಟು ಪೆನ್ಸಿಲ್‌ನಲ್ಲಿ ಗುರುತು ಹಾಕಿ ನೋಡಿ. ಒಂದು ಸಂಜೆಯ ಕೆಲಸ ಅಷ್ಟೇ.

ಸಿಇಟಿ ಸೀಟಿನ ಕಡಿಮೆ ಫೀಸೇ ಅಲ್ಲೂ ಮುಂದುವರಿಯುತ್ತದೆ ಅಂದುಕೊಳ್ಳಬೇಡಿ, ಬರೆದು ಕೊಡಲು ಕೇಳಿ. ಪಿಜಿ ಬಾಡಿಗೆಯೂ ಸೇರಿಸಿ ಮೂರು ವರ್ಷಕ್ಕೆ ಲೆಕ್ಕ ಹಾಕಿ.

ಕ್ಯಾಂಪಸ್‌ಗೆ ಬರುವ ಎಷ್ಟೋ ಕಂಪನಿಗಳು ಕೆಲಸಕ್ಕೆ ಆರಿಸಲು ಸಿಜಿಪಿಎ (10ಕ್ಕೆ ಲೆಕ್ಕ ಹಾಕುವ ಸರಾಸರಿ ಗ್ರೇಡ್) ಕಟಾಫ್ ಇಡುತ್ತವೆ. ಇಲ್ಲಿ 9 ಇದ್ದವರು ಅಲ್ಲಿ 6ಕ್ಕೆ ಇಳಿದರೆ ಕಾಲೇಜಿನ ಹೆಸರು ಎಷ್ಟು ಕೈ ಹಿಡಿದೀತು? ಈಗಿನ ಕಾಲೇಜಿನಲ್ಲಿ ಲ್ಯಾಬ್ ಸರಿಯಿಲ್ಲ, ಪಾಠ ನಡೆಯುತ್ತಿಲ್ಲ ಅಂದರೆ ಹೊರಡಿ. ನೆಂಟರ ಮುಂದೆ ಹೇಳಿಕೊಳ್ಳೋಕಷ್ಟೇ ಆದರೆ ಬೇಡ ಅನ್ನುತ್ತೇನೆ. ಹೀಗೆ ಬದಲಾಗಿ ಹೋದ ಸೀನಿಯರ್ ಒಬ್ಬರನ್ನು ಹುಡುಕಿ, ಅಲ್ಲಿನ ಮೊದಲ ಸೆಮಿಸ್ಟರ್ ಹೇಗಿತ್ತು ಅಂತ ಕೇಳಿ.