ತಂತ್ರಜ್ಞಾನ ಮಂಡಳಿಯ ಕುರ್ಚಿಯಲ್ಲಿ ಯಾರಿದ್ದಾರೆ? ಮೂಡಿಗೆರೆಯಲ್ಲಿ ಕೂತು ಸಂಸತ್ತಿನಲ್ಲಿ ಕೇಳಿಸುವುದು ಹೇಗೆ

ನಿಗಮ ಮಂಡಳಿ ನೇಮಕ ಅಂದ ಕೂಡಲೇ ನಮ್ಮ ಕಡೆ ಮಾತು ಶುರುವಾಗುವುದು ಯಾವ ಶಾಸಕರ ಕಡೆಯವರಿಗೆ ಸಿಕ್ಕಿತು ಅನ್ನುವುದರಿಂದ. ಆ ಕುರ್ಚಿಗೆ ಎಂಥ ಅನುಭವ ಬೇಕು ಅಂತ ಕೇಳುವವರು ಕಮ್ಮಿ. ದೆಹಲಿಯ ತಂತ್ರಜ್ಞಾನ ಅಭಿವೃದ್ಧಿ ಮಂಡಳಿಯ ಹೆಸರಂತೂ ಹಾಸನ, ಚಿಕ್ಕಮಗಳೂರಿನಲ್ಲಿ ಯಾರ ಬಾಯಲ್ಲೂ ಬರುವುದಿಲ್ಲ. ಬರಬೇಕು.

ಯಾಕೆ ಅಂದರೆ, ದೇಶದಲ್ಲೇ ಹುಟ್ಟಿದ ತಂತ್ರಜ್ಞಾನವನ್ನು ಮಾರುಕಟ್ಟೆಗೆ ತರುವ ಕಂಪನಿಗಳಿಗೆ ಸಾಲ, ಬಂಡವಾಳ ಕೊಡುವುದೇ ಇದರ ಕೆಲಸ. 1995ರ ಕಾಯ್ದೆಯಿಂದ ಬಂದ ಮಂಡಳಿ ಇದು. ಸದಸ್ಯರಲ್ಲಿ ಹೆಚ್ಚಿನವರು ಹುದ್ದೆಯ ಕಾರಣಕ್ಕೇ ಬರುವ ಇಲಾಖೆಗಳ ಕಾರ್ಯದರ್ಶಿಗಳು. ಅವರ ಜೊತೆಗೆ ಹೊರಗಿನ ನಾಲ್ವರವರೆಗೆ ಕೇಂದ್ರ ಸರ್ಕಾರ ನೇಮಿಸಬಹುದು. ಅವರಿಗೆ ತಂತ್ರಜ್ಞಾನ, ಬ್ಯಾಂಕಿಂಗ್ ಮತ್ತು ಹಣಕಾಸು, ಕೈಗಾರಿಕೆ, ಕೃಷಿ ಮತ್ತು ಗ್ರಾಮೀಣಾಭಿವೃದ್ಧಿಯಲ್ಲಿ ಅನುಭವ ಇರಬೇಕು ಅನ್ನುತ್ತದೆ ಕಾಯ್ದೆ. ಈ ಕೊನೆಯದೇ ನಮ್ಮದು. ಕಾಫಿ ಕೊಯ್ಲಿಗೆ ಆಳು ಸಿಗದೆ, ಇಳಿಜಾರಿನಲ್ಲಿ ಕೆಲಸ ಮಾಡುವ ಯಂತ್ರ ಯಾವಾಗ ಬರುತ್ತದೋ ಅಂತ ಕಾಯುವ ನಮಗೆ, ತೋಟ ಗೊತ್ತಿರುವ ಒಬ್ಬರು ಅಲ್ಲಿ ಕೂತಿದ್ದಾರೋ ಇಲ್ಲವೋ ಅನ್ನುವುದು ಸಣ್ಣ ವಿಷಯ ಅಲ್ಲ.

ಒಂದು ಮಾತು ಮೊದಲೇ ತಿಳಿದಿರಲಿ. ಅಮೆರಿಕದಲ್ಲಿ ಅಧ್ಯಕ್ಷರು ದೊಡ್ಡ ಹುದ್ದೆಗಳಿಗೆ ಸೂಚಿಸಿದವರನ್ನು ಸೆನೆಟ್ ಕೂರಿಸಿ ಪ್ರಶ್ನೆ ಕೇಳುತ್ತದೆ, ಅದು ಒಪ್ಪಿದರಷ್ಟೇ ನೇಮಕ. ಬ್ರಿಟನ್ನಿನಲ್ಲೂ 2008ರಿಂದ ಕೆಲವು ಹುದ್ದೆಗಳಿಗೆ ಸಂಸತ್ತಿನ ಸಮಿತಿ ಮೊದಲೇ ವಿಚಾರಿಸುತ್ತದೆ, ಆದರೆ ಅದರ ಮಾತನ್ನು ಸರ್ಕಾರ ಕೇಳಲೇಬೇಕು ಅಂತಿಲ್ಲ. ಈ ಮಂಡಳಿಗೆ ಅದು ಯಾವುದೂ ಇಲ್ಲ. ಸರ್ಕಾರ ನೇಮಿಸಿದರೆ ಮುಗಿಯಿತು. ಹಾಗಾಗಿ 'ನೇಮಕ ತಡೆಯಿರಿ' ಅಂತ ಸಂಸದರಿಗೆ ಬರೆದು ಪ್ರಯೋಜನವಿಲ್ಲ. ನೇಮಕ ಆದಮೇಲೆ ಕೇಳಿಸುವ ದಾರಿ ಮಾತ್ರ ಇದೆ, ಅದನ್ನು ಸರಿಯಾಗಿ ಬಳಸಬೇಕು.

ಮೊದಲು ಮಾಹಿತಿ ಹಕ್ಕಿನ ಅರ್ಜಿ ಹಾಕಿ. ಕೇಂದ್ರದ ಆನ್‌ಲೈನ್ ಪೋರ್ಟಲ್‌ನಲ್ಲಿ ಶುಲ್ಕ 10 ರೂಪಾಯಿ, 30 ದಿನದಲ್ಲಿ ಉತ್ತರ ಬರಬೇಕು. ಬರದಿದ್ದರೆ ಅಲ್ಲಿಂದ 30 ದಿನದೊಳಗೆ ಮೊದಲ ಮೇಲ್ಮನವಿ. ಇಲ್ಲಿ ನಾನು ಒಮ್ಮೆ ಎಡವಿದ್ದೇನೆ. ಬೇರೊಂದು ಮಂಡಳಿಯ ಬಗ್ಗೆ 'ಇವರನ್ನೇ ಯಾಕೆ ನೇಮಿಸಿದಿರಿ' ಅಂತ ಕೇಳಿದ್ದೆ. 'ಯಾಕೆ' ಅನ್ನುವುದು ಮಾಹಿತಿ ಅಲ್ಲ ಅಂತ ಒಂದು ಸಾಲಿನ ಉತ್ತರ ಬಂತು, ಒಂದು ತಿಂಗಳು ಸುಮ್ನೆ ಹೋಯಿತು. ದಾಖಲೆಯಲ್ಲಿ ಇರುವುದನ್ನು ಮಾತ್ರ ಕೇಳಿ. ನೇಮಕದ ಆದೇಶದ ಪ್ರತಿ, ಆಯ್ಕೆಯ ಮಾನದಂಡ, ಎಷ್ಟು ಸ್ಥಾನ ಯಾವಾಗಿನಿಂದ ಖಾಲಿ, ಸಭೆಗಳ ಹಾಜರಾತಿ. ಒಬ್ಬರ ವೈಯಕ್ತಿಕ ವಿವರ ಕೇಳಿದರೆ ಅದೇ ನೆಪದಲ್ಲಿ ಅರ್ಜಿ ತಿರಸ್ಕಾರ ಆಗಬಹುದು.

ಉತ್ತರ ಕೈಗೆ ಬಂದಮೇಲೆ ಸಂಸದರ ಹತ್ತಿರ ಹೋಗಿ. ಕಡೂರಿನವರು ಗಮನಿಸಿ, ನಿಮ್ಮ ಜಿಲ್ಲೆ ಚಿಕ್ಕಮಗಳೂರಾದರೂ ನಿಮ್ಮ ಲೋಕಸಭಾ ಕ್ಷೇತ್ರ ಹಾಸನ. ಮೂಡಿಗೆರೆ, ಶೃಂಗೇರಿ, ತರೀಕೆರೆಯವರಿಗೆ ಉಡುಪಿ ಚಿಕ್ಕಮಗಳೂರು. ನಿಮ್ಮ ಸಂಸದರು ಮಂತ್ರಿಯಾಗಿದ್ದರೆ ಅವರು ಪ್ರಶ್ನೆ ಕೇಳುವಂತಿಲ್ಲ. ಆಗ ಕರ್ನಾಟಕದ 12 ರಾಜ್ಯಸಭಾ ಸದಸ್ಯರಲ್ಲಿ ಒಬ್ಬರನ್ನು ಹಿಡಿಯಿರಿ.

'ಇದನ್ನು ಸದನದಲ್ಲಿ ಎತ್ತಿ ಸಾರ್' ಅಂತ ಬರೀ ಮನವಿ ಕೊಟ್ಟರೆ ಅದು ಫೈಲಿನಲ್ಲೇ ಉಳಿಯುತ್ತದೆ. ಪ್ರಶ್ನೆಯನ್ನು ನೀವೇ ಬರೆದು ಕೊಡಿ, ಆರ್‌ಟಿಐ ಉತ್ತರವನ್ನೂ ಜೊತೆಗೆ ಲಗತ್ತಿಸಿ. ಲೋಕಸಭೆಯಲ್ಲಿ ಪ್ರಶ್ನೆ ಸಾಮಾನ್ಯವಾಗಿ 150 ಪದ ಮೀರಬಾರದು, ಕನಿಷ್ಠ 15 ದಿನ ಮೊದಲೇ ನೋಟಿಸ್ ಹೋಗಬೇಕು. ಅಂದರೆ ಮಳೆಗಾಲದ ಅಧಿವೇಶನಕ್ಕೆ ಜೂನ್‌ನಲ್ಲೇ ಕೊಟ್ಟಿರಬೇಕು. ಅಧಿಕಾರದ ಹೊರಗೆ ಒಬ್ಬರ ನಡತೆ ಹೇಗೆ ಅಂತ ಕೇಳಲು ನಿಯಮ ಬಿಡುವುದಿಲ್ಲ, ಹಾಗಾಗಿ ವ್ಯಕ್ತಿಯನ್ನು ಬಿಟ್ಟು ಸ್ಥಾನದ ಬಗ್ಗೆ ಬರೆಯಿರಿ. ಉದಾಹರಣೆಗೆ: 'ಮಂಡಳಿಗೆ ಸರ್ಕಾರ ನೇಮಿಸುವ ಸದಸ್ಯರಲ್ಲಿ ಕೃಷಿ ಮತ್ತು ಗ್ರಾಮೀಣಾಭಿವೃದ್ಧಿಯ ಅನುಭವ ಇರುವವರು ಎಷ್ಟು ಮಂದಿ? ಖಾಲಿ ಸ್ಥಾನಗಳೆಷ್ಟು, ಎಂದಿನಿಂದ? ಕಳೆದ ಮೂರು ವರ್ಷದಲ್ಲಿ ತೋಟದ ಬೆಳೆಗಳ ಯಂತ್ರಗಳಿಗೆ ಕೊಟ್ಟ ನೆರವೆಷ್ಟು?' ಚುಕ್ಕೆ ಗುರುತಿನ ಪ್ರಶ್ನೆಗೇ, ಅಂದರೆ ಮಂತ್ರಿ ಸದನದಲ್ಲಿ ಬಾಯಲ್ಲೇ ಉತ್ತರಿಸುವ ಪ್ರಶ್ನೆಗೇ, ಹಠ ಹಿಡಿಯಬೇಡಿ. ಅವು ದಿನಕ್ಕೆ 20 ಮಾತ್ರ. ಚುಕ್ಕೆ ಇಲ್ಲದವು 230, ಉತ್ತರ ಬರಹದಲ್ಲಿ ಬರುತ್ತದೆ. ನಮಗೆ ಬೇಕಾದದ್ದೂ ಬರಹವೇ ಅಲ್ವಾ.

ಬಜೆಟ್ ಸಮಯದಲ್ಲಿ ಇನ್ನೊಂದು ದಾರಿಯಿದೆ. ಈ ಮಂಡಳಿ ಬರುವುದು ವಿಜ್ಞಾನ ಮತ್ತು ತಂತ್ರಜ್ಞಾನ ಇಲಾಖೆಯಡಿ. ಆ ಇಲಾಖೆಯ ಅನುದಾನ ಬೇಡಿಕೆಯನ್ನು, ಅಂದರೆ ವರ್ಷದ ಖರ್ಚಿಗೆ ಅದು ಕೇಳುವ ಹಣವನ್ನು, ಸಂಸತ್ತಿನ 31 ಸದಸ್ಯರ ಸ್ಥಾಯಿ ಸಮಿತಿ ಪರಿಶೀಲಿಸುತ್ತದೆ. ದಿನನಿತ್ಯದ ಆಡಳಿತ ಅದರ ವ್ಯಾಪ್ತಿಗೆ ಬರುವುದಿಲ್ಲ, ಹಾಗಾಗಿ ಒಂದು ನೇಮಕದ ದೂರನ್ನಷ್ಟೇ ಕಳಿಸಿದರೆ ನಡೆಯುವುದಿಲ್ಲ. ಮಂಡಳಿಯ ವಾರ್ಷಿಕ ವರದಿ ಸಂಸತ್ತಿನ ಮುಂದೆ ಬರುತ್ತದೆ, ಅದನ್ನು ಓದಿ, ಖಾಲಿ ಕುರ್ಚಿಗೂ ಹಣದ ಹಂಚಿಕೆಗೂ ಇರುವ ಸಂಬಂಧವನ್ನು ಎರಡು ಪುಟದಲ್ಲಿ ಬರೆದು ಕಳಿಸಿ.

ಮಂತ್ರಿಗಳ ಉತ್ತರ ಲೋಕಸಭೆಯ ವೆಬ್‌ಸೈಟ್‌ನಲ್ಲಿ ಸಿಗುತ್ತದೆ. ಅದರಲ್ಲಿ 'ಮಾಹಿತಿ ಸಂಗ್ರಹಿಸಿ ಸದನದ ಮುಂದೆ ಇಡಲಾಗುವುದು' ಅಂತಿದ್ದರೆ ಬೇಜಾರಾಗಬೇಡಿ. ಅದು ಸದನಕ್ಕೆ ಕೊಟ್ಟ ಭರವಸೆ ಅಂತ ಲೆಕ್ಕ, ಮೂರು ತಿಂಗಳಲ್ಲಿ ಈಡೇರಿಸಬೇಕು. ಈಡೇರಿತೋ ಇಲ್ಲವೋ ನೋಡಲು ಸರ್ಕಾರಿ ಭರವಸೆಗಳ ಸಮಿತಿಯೇ ಇದೆ. ದಿನಾಂಕ ಬರೆದಿಟ್ಟುಕೊಳ್ಳಿ. ಮೂರು ತಿಂಗಳಾದ ಮಾರನೇ ದಿನ ಸಂಸದರ ಕಚೇರಿಗೆ ಇನ್ನೊಂದು ಪತ್ರ ಕೊಡಿ.